ಹತ್ತು ಲಕ್ಷದ ಹಳೇ ಲೆಕ್ಕ

ಮಾನ್ಯರೇ,

ಆಸ್ಪತ್ರೆ ಬಿಲ್ಲು ಕೊಡದ ವಿಮಾ ಕಂಪನಿಯ ಮೇಲೆ 14 ಲಕ್ಷ ರೂಪಾಯಿಯ ಅರ್ಜಿ ಹಿಡಿದು ಖಾಯಂ ಜನತಾ ನ್ಯಾಯಾಲಯಕ್ಕೆ (ವಿಮೆಯಂಥ ಸೇವೆಗಳ ವ್ಯಾಜ್ಯ ಬಿಡಿಸುವ ಖಾಯಂ ಲೋಕ ಅದಾಲತ್‌ಗೆ) ಹೋದವರನ್ನು ಕೌಂಟರಿನಲ್ಲೇ ‘ಹತ್ತು ಲಕ್ಷದ ಮೇಲಿನದು ಇಲ್ಲಿ ನಡೆಯಲ್ಲ’ ಎಂದು ಸಾಗಹಾಕಿದ ಸುದ್ದಿ ಓದಿ ಮೈ ಉರಿಯಿತು. ಆ ಮಿತಿ ಒಂದು ಕೋಟಿಗೆ ಏರಿದ್ದು 2015ರಲ್ಲಿ! ಅಧಿಸೂಚನೆ ದೆಹಲಿಯಿಂದ ನಡೆದುಕೊಂಡೇ ಬರುತ್ತಿದೆಯೇನೋ.

ಅಲ್ಲಿಂದ ಅವರನ್ನು ಅಟ್ಟಿದ್ದು ಗ್ರಾಹಕರ ಆಯೋಗಕ್ಕೆ. ಅಲ್ಲಿ ಕೇಸು ಹಾಕಿದರೆ ಖಾಯಂ ಜನತಾ ನ್ಯಾಯಾಲಯದ ಬಾಗಿಲು ಮುಚ್ಚಿತು, ವಿಮಾ ಒಂಬುಡ್ಸ್‌ಮನ್ (ವಿಮಾ ದೂರು ವಿಚಾರಿಸುವ ಅಧಿಕಾರಿ) ಬಾಗಿಲೂ ಮುಚ್ಚಿತು. ಇದನ್ನು ಯಾರಾದರೂ ಹೇಳಿದರೇ? ಒಂಬುಡ್ಸ್‌ಮನ್ 50 ಲಕ್ಷದವರೆಗೆ ಕೊಡಿಸಬಹುದು, ವಕೀಲರು ಬೇಕಿಲ್ಲ. ಆದರೆ ಮೊದಲು ಕಂಪನಿಗೇ ಲಿಖಿತ ದೂರು ಕೊಟ್ಟು ಒಂದು ತಿಂಗಳು ಕಾಯಬೇಕು. ಕಂಪನಿ ತಿರಸ್ಕರಿಸಿದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ಜನ ಕೌಂಟರಿಂದ ಕೌಂಟರಿಗೆ ಸುತ್ತುವಷ್ಟರಲ್ಲಿ ಆ ವರ್ಷವೇ ಕಳೆದಿರುತ್ತದೆ.

ಇನ್ನು ಖಾಯಂ ಜನತಾ ನ್ಯಾಯಾಲಯದ ರಾಜಿ ಮೇಜು. ಕಂಪನಿ ಕಡೆಯಿಂದ ಬರುವವರಿಗೆ ಒಂದು ರೂಪಾಯಿ ಏರಿಸುವ ಅಧಿಕಾರವೂ ಇರುವುದಿಲ್ಲ, ‘ಹೆಡ್ ಆಫೀಸ್ ಕೇಳಬೇಕು’ ಅಂತ ಮುಂದಿನ ತಾರೀಖು. ಕೊನೆಗೆ ‘ಆರು ಲಕ್ಷಕ್ಕೆ ಒಪ್ಪಿ, ಇಲ್ಲದಿದ್ದರೆ ಅದೂ ಇಲ್ಲ’ ಎಂಬ ಬೆದರಿಕೆ. ಶುದ್ಧ ಸುಳ್ಳು. ಸಾಮಾನ್ಯ ಲೋಕ ಅದಾಲತ್‌ನಲ್ಲಿ ರಾಜಿ ಮುರಿದರೆ ಕೇಸು ಕೋರ್ಟಿಗೆ ವಾಪಸ್. ಆದರೆ ಖಾಯಂ ಜನತಾ ನ್ಯಾಯಾಲಯಕ್ಕೆ ರಾಜಿ ಮುರಿದಾಗ ತಾನೇ ತೀರ್ಪು ಕೊಡುವ ಅಧಿಕಾರವಿದೆ. ಹಾಗಂತ ರಾಜಿ ಹಂತವನ್ನು ಹಾರಿಸಿ ತೀರ್ಪು ಬರೆದರೂ ನಿಲ್ಲದು. ನಮ್ಮ ರಾಜ್ಯದಿಂದಲೇ ಹೋದ ಕೆನರಾ ಬ್ಯಾಂಕ್ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ರಾಜಿಗೆ ಸಹಿ ಹಾಕಿದ ಮೇಲಂತೂ ಅಪೀಲಿಲ್ಲ. ಹೈಕೋರ್ಟಿಗೆ ರಿಟ್ ಹಾಕಬೇಕು, ಅದೂ ಮೊತ್ತ ಕಡಿಮೆಯಾಯಿತೆಂಬ ಕಾರಣಕ್ಕೆ ನಿಲ್ಲುವುದು ಕಷ್ಟ. ಕೋರ್ಟ್ ಫೀ ಇಲ್ಲವೆಂದು ಭಾಷಣ ಬಿಗಿಯುವವರು ಜೆರಾಕ್ಸ್, ನೋಟರಿ, ಬಸ್ ಚಾರ್ಜು, ಹೋದ ದಿನಗೂಲಿ ಲೆಕ್ಕ ಹಾಕಿದ್ದಾರೆಯೇ?

ಈ ಕಚೇರಿಯದ್ದಷ್ಟೇ ಕಥೆಯಲ್ಲ. ಖಾತೆ ಬದಲಾವಣೆಗೆ ಹೋದರೆ ‘ಸರ್ವರ್ ಇಲ್ಲ’, ಪಿಂಚಣಿಗೆ ಹೋದರೆ ‘ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ’. ಕಾನೂನು ಅರಿವು ಶಿಬಿರಕ್ಕೆ ಮಾತ್ರ ಹಾರ, ಶಾಲು, ಫೋಟೊ ಎಲ್ಲ ತಯಾರ್. ಆ ಶಿಬಿರದ ಮೊದಲ ಸಾಲಿನಲ್ಲಿ ಕೌಂಟರಿನವರನ್ನೇ ಕೂರಿಸಲಿ.

ಸಂಬಂಧಪಟ್ಟವರು ಮಿತಿಯ ಬೋರ್ಡು ಹಾಕಲಿ, ಇಲ್ಲವೇ ಗೊತ್ತಿರುವವರನ್ನು ಕೂರಿಸಲಿ, ಎರಡೂ ಆಗದಿದ್ದರೆ ಬಾಯಿ ಮುಚ್ಚಿಕೊಂಡು ಅರ್ಜಿಯನ್ನಾದರೂ ತೆಗೆದುಕೊಳ್ಳಲಿ.

– ನಿಮ್ಮ ಓದುಗ