ಮೊದಲು ಕುರ್ಚಿಗಳ ವಿಷಯ

ಈ ಸಲದ ರಾಜ್ಯೋತ್ಸವಕ್ಕೆ ಬ್ಯಾಂಡ್ ಒಂದನ್ನು ಕರೆಸಬೇಕೆಂಬ ಸಲಹೆ ನಮ್ಮ ಕನ್ನಡ ಸಂಘದ ಕಾರ್ಯಕಾರಿ ಸಮಿತಿಯ ಮುಂದಿದೆ. ಅದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಅದಕ್ಕೂ ಮೊದಲು ಕುರ್ಚಿಗಳ ವಿಷಯ ಇತ್ಯರ್ಥವಾಗಬೇಕು.

ಕೆಲವು ವರ್ಷಗಳ ಹಿಂದೆ ಉತ್ತರ ಇಂಗ್ಲೆಂಡಿನ ಊರೊಂದರಲ್ಲಿ ರಘು ದೀಕ್ಷಿತ್ ಪ್ರಾಜೆಕ್ಟ್ ತಂಡದ ಕಛೇರಿಗೆ ನಾವು ಮೂರು ಕುಟುಂಬದವರು ಹೋಗಿದ್ದೆವು. (ಕಛೇರಿ ಎನ್ನುವುದು ನನ್ನ ಹಳೆಯ ಅಭ್ಯಾಸ, ಮಗಳು ಅದನ್ನು ‘ಗಿಗ್’ ಎಂದು ತಿದ್ದಿದಳು.) ಒಳಗೆ ಹೋಗಿ ನೋಡಿದರೆ ಒಂದು ಕುರ್ಚಿಯೂ ಇಲ್ಲ. ಚೆಲ್ಲಿದ ಬಿಯರಿನಿಂದ ನೆಲ ಅಂಟಂಟಾಗಿತ್ತು. ಕೋಟುಗಳನ್ನು ಎಲ್ಲಿಡುವುದೆಂದು ತೋಚದೆ ತೋಳಿನ ಮೇಲೆ ಹೇರಿಕೊಂಡು ಹಿಂಬದಿಯ ಗೋಡೆಗೆ ಒರಗಿ ನಿಂತೆವು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, 2008ರಲ್ಲಿ ಮೊದಲ ಆಲ್ಬಮ್ ಹೊರತಂದ ಗಾಯಕ ರಘು ದೀಕ್ಷಿತರು 2011ರಲ್ಲಿ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಸಂಗೀತೋತ್ಸವದಲ್ಲಿ ಹಾಡಿದ್ದನ್ನು ಓದಿ ಹೆಮ್ಮೆಪಟ್ಟವರೇ ನಾವು. ಆದರೆ ಲುಂಗಿಯುಟ್ಟು ಗೆಜ್ಜೆ ಕಟ್ಟಿ ಅವರು ವೇದಿಕೆಯ ಮೇಲೆ ಜಿಗಿದಾಗ ಆ ಗೆಜ್ಜೆಯ ಸದ್ದು ಡ್ರಮ್ಮಿನ ಪೆಟ್ಟಿನೊಡನೆ ಕೂಡಿಕೊಂಡು ಹಲಗೆಯ ನೆಲದಿಂದ ಅಂಗಾಲಿಗೆ ಏರುತ್ತದೆಂಬುದು ಓದಿ ತಿಳಿಯುವ ಸಂಗತಿಯಲ್ಲ.

‘ಗುಡುಗುಡಿಯ ಸೇದಿ ನೋಡೋ’ ಶುರುವಾಯಿತು. ಸಿ. ಅಶ್ವತ್ಥ್ ಅವರ ದನಿಯಲ್ಲಿ ಶಿಶುನಾಳ ಷರೀಫರನ್ನು ಕೇಳುತ್ತಾ ಬೆಳೆದ ನಾವು ತತ್ವಪದಕ್ಕೆ ಕಣ್ಣು ಮುಚ್ಚಿ ತಲೆದೂಗುವುದಷ್ಟೇ ಮರ್ಯಾದೆ ಎಂದುಕೊಂಡವರು. ಇಲ್ಲಿ ಪಿಟೀಲು ಏರುತ್ತಾ ಹೋದಂತೆ, ಕನ್ನಡದ ಒಂದಕ್ಷರವೂ ಬಾರದ ಜನ ಕೈಯೆತ್ತಿ ಕುಣಿಯುತ್ತಾ ‘ಗುಡುಗುಡಿ’ ಎಂದು ಒಟ್ಟಾಗಿ ಕೂಗತೊಡಗಿದರು. ಪಕ್ಕದಲ್ಲಿದ್ದ ನರೆಗೂದಲಿನ ಹೆಂಗಸೊಬ್ಬರು ಬೆವರೊರೆಸಿಕೊಳ್ಳುತ್ತಾ ನನ್ನನ್ನು ಅರ್ಥ ಕೇಳಿದರು. ಹುಕ್ಕಾ ಎಂದು ಅವರ ಕಿವಿಯಲ್ಲಿ ಕಿರುಚಿದೆ. ಮೋಹವನ್ನು ಭಂಗಿಸೊಪ್ಪಿನಂತೆ ಕೊಚ್ಚಿ ಸುಡಬೇಕೆಂಬ ಮುಂದಿನ ಮಾತನ್ನು ಹೇಳಲು ಪದ ಹುಡುಕುವಷ್ಟರಲ್ಲಿ ಅವರು ಮತ್ತೆ ಕುಣಿತದ ನಡುವೆ ಸೇರಿಹೋಗಿದ್ದರು. ಕೋಟುಗಳನ್ನು ನೆಲಕ್ಕೆ ಹಾಕಿ ಮಗಳು ನನ್ನ ಕೈ ಎಳೆದಳು. ಬಿಯರಿನ ಕಲೆ ಇಂದಿಗೂ ಒಂದು ಕೋಟಿನಲ್ಲಿದೆ.

ಇನ್ನು ನಮ್ಮ ಸಂಘದ ಕ್ರಮವನ್ನು ನೆನೆಯಿರಿ. ಹಿಂದೊಮ್ಮೆ ಬಂದ ಹುಡುಗರ ತಂಡಕ್ಕೆ ಊಟಕ್ಕೂ ಛದ್ಮವೇಷಕ್ಕೂ ನಡುವೆ ಸಿಕ್ಕಿದ್ದು 25 ನಿಮಿಷ. ಅದರಲ್ಲಿ ಅರ್ಧ ಸೌಂಡ್ ಚೆಕ್ಕಿಗೇ ಹೋಯಿತು. ಅದೂ ಬಿಸಿಬೇಳೆಬಾತಿನ ಸಾಲು ಕರಗುವ ಮೊದಲೇ. ಹಾಡುಗಾರ ‘ಎದ್ದು ನಿಲ್ಲಿ’ ಎಂದು ಮೂರು ಸಲ ಕೇಳಿಕೊಂಡರೂ ಮುಂದಿನ ಸಾಲಿನ ಗಣ್ಯರು, ಅವರಲ್ಲಿ ನಾನೂ ಒಬ್ಬ, ತಾಂಬೂಲದ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಚಪ್ಪಾಳೆ ತಟ್ಟಿದೆವು.

ಆದ್ದರಿಂದ ಸಮಿತಿಯಲ್ಲಿ ನನ್ನ ಬಿನ್ನಹವಿಷ್ಟೆ: ಸೌಂಡ್ ಚೆಕ್ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮುಗಿಯಲಿ, ತಂಡಕ್ಕೆ ಕೊನೆಯ ಒಂದೂವರೆ ಗಂಟೆ ಪೂರ್ತಿ ಸಿಗಲಿ, ಹಿರಿಯರಿಗಾಗಿ ಗೋಡೆಯ ಪಕ್ಕ ಎರಡು ಸಾಲು ಉಳಿಸಿ ಮಿಕ್ಕ ಕುರ್ಚಿಗಳನ್ನು ಚಹಾ ವಿರಾಮದಲ್ಲಿ ಎತ್ತಿಡೋಣ. ಎತ್ತಿಡಲು ಹತ್ತು ಮಂದಿ ಬೇಕು. ಮೊದಲ ಹೆಸರು ನನ್ನದೇ ಬರೆದುಕೊಳ್ಳಿ.