ಗೂಡಿನ ಮುಂದಿನ ಕೊಂಬೆ

ದಾವಣಗೆರೆ
ಭಾನುವಾರ ಮಧ್ಯಾಹ್ನ

ಚಿ. ಮಂಜುಗೆ ನಿನ್ನ ಅತ್ತೆಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮಪ್ಪನ ಮಂಡಿ ನೋವು ಹೆಚ್ಚೂ ಆಗಿಲ್ಲ, ಕಡಿಮೆಯೂ ಆಗಿಲ್ಲ. ವಾಟ್ಸಾಪಲ್ಲಿ ಬರೆದರೆ ನೀನು ಒಂದು ಹೆಬ್ಬೆರಳು ಒತ್ತಿ ಮುಂದಕ್ಕೆ ಹೋಗುತ್ತೀಯ. ಅದಕ್ಕೇ ಪೆನ್ನು ಹಿಡಿದು ಕೂತೆ.

ನೀನು ಕಳಿಸಿದ 32 ಫೋಟೋನೂ ನೋಡಿದೆ. ಫೋನಲ್ಲಿ ಏನೂ ತಿಳಿಯಲ್ಲ ಅಂತ ನಿನ್ನ ತಂಗಿ ಹತ್ತಿರ ಲ್ಯಾಪ್‌ಟಾಪಿಗೆ ಹಾಕಿಸಿಕೊಂಡು, ಕನ್ನಡಕ ಒರೆಸಿಕೊಂಡು, ಒಂದೊಂದಾಗಿ ನೋಡಿದೆ. ಸೂಳೆಕೆರೆಯ ಬೆಳಗಿನ ಫೋಟೋ ಇದೆಯಲ್ಲ, ಮಂಜಿನಲ್ಲಿ ಮೀನು ಹಿಡಿಯುವವನ ತೆಪ್ಪ ಒಂದು ಮೂಲೆಯಲ್ಲಿ ಇರುವುದು, ಅದನ್ನು ನೋಡಿ ನಿಮ್ಮ ಮಾವ ಇದ್ದಿದ್ದರೆ ಅಂಗಡಿ ಗಾಜಿಗೆ ಹಾಕುತ್ತಿದ್ದರು. ಮುಕ್ಕಾಲು ಫೋಟೋದಲ್ಲಿ ಏನೂ ಇಲ್ಲ, ಬರೀ ಬಿಳುಪು. ಅದನ್ನು ಹಾಗೇ ಬಿಟ್ಟಿದ್ದೀಯ. ನಿನಗೆ ಕಣ್ಣಿದೆ ಕಣೋ, ಸುಮ್ನೆ ಹೇಳುತ್ತಿಲ್ಲ.

ಆದರೆ ಬೈಯುವುದೂ ಇದೆ.

ನಿನಗೆ ಗೊತ್ತಲ್ಲ, ಸ್ಟುಡಿಯೋದಲ್ಲಿ ಮುಂದುಗಡೆ ನಿಮ್ಮ ಮಾವ, ಹಿಂದುಗಡೆ ಡಾರ್ಕ್ ರೂಮಲ್ಲಿ ನಾನು. ಕೆಂಪು ಬಲ್ಬು, ಫೋಟೋ ತೊಳೆಯುವ ಹೈಪೋ ವಾಸನೆ, ಆಮೇಲೆ ರೀಟಚಿಂಗ್ ಮೇಜು. ನೆಗೆಟಿವ್ ಮೇಲೆ ಸೂಜಿಯಂತೆ ಚೂಪು ಮಾಡಿದ ಪೆನ್ಸಿಲ್‌ನಲ್ಲಿ ಚುಕ್ಕಿ ಚುಕ್ಕಿ ಇಟ್ಟು ಎಷ್ಟು ಜನರ ಮೊಡವೆ, ಸುಕ್ಕು, ಕಣ್ಣಿನ ಕೆಳಗಿನ ಕಪ್ಪು ಅಳಿಸಿದ್ದೇನೋ ಲೆಕ್ಕ ಇಲ್ಲ. ವರನ ಕಡೆಯವರಿಗೆ ಕಳಿಸುವ ಫೋಟೋ ಅಂತ ಒಂದು ಹುಡುಗಿಯ ಕೆನ್ನೆ ಮೇಲಿನ ದೊಡ್ಡ ಮಚ್ಚೆ ತೆಗೆದುಬಿಟ್ಟಿದ್ದೆ. ಹೆಣ್ಣು ನೋಡಲು ಬಂದವರು ಬೇರೆ ಹುಡುಗಿ ತೋರಿಸಿದ್ದೀರಿ ಅಂತ ಗಲಾಟೆ ಮಾಡಿ, ಅವರಪ್ಪ ನಮ್ಮ ಅಂಗಡಿಗೇ ಬಂದಿದ್ದ. ಇಷ್ಟೆಲ್ಲ ಮಾಡಿ ಮಾಡಿ ನನಗೆ ಒಂದು ಚಟ ಅಂಟಿಕೊಂಡಿದೆ. ಯಾವ ಫೋಟೋ ಕೊಟ್ಟರೂ ಏನಿದೆ ಅಂತ ನೋಡುವ ಮೊದಲು ಏನು ಹೋಗಿದೆ ಅಂತಲೇ ಕಣ್ಣು ಹುಡುಕುತ್ತದೆ.

ಚಿತ್ರದುರ್ಗದ ಕೋಟೆಯ ಮೇಲಿಂದ ತೆಗೆದ ಫೋಟೋದಲ್ಲಿ ಜೋಗಿಮಟ್ಟಿ ಸಾಲಿನ ಕರೆಂಟು ಮಾಡುವ ಗಾಳಿ ಫ್ಯಾನುಗಳು ಎಲ್ಲಿ ಹೋದವು? ಅವಿಲ್ಲದೆ ಗುಡ್ಡ ಬೋಳಾಗಿ, ಒಂದು ಕಡೆ ಮೋಡ ಎರಡೆರಡು ಸಲ ಬಂದಿದೆ. ಲಂಬಾಣಿ ಅಜ್ಜಿಯ ಫೋಟೋ ಎರಡಿವೆ. ಒಂದರಲ್ಲಿ ಕುತ್ತಿಗೆಗೆ ಮೊಬೈಲ್ ಚೀಲ ನೇತಾಡುತ್ತಿದೆ, ಇನ್ನೊಂದರಲ್ಲಿ ಅದು ಇಲ್ಲ, ಬದಲಿಗೆ ತಲೆ ಮೇಲೆ ಕೊಡ ಬಂದಿದೆ. ಅವೆರಡನ್ನು ಹೇಗೋ ಸಹಿಸಿಕೊಂಡೆ. ಪಿಕಳಾರದ ಗೂಡಿನ ಫೋಟೋ ನೋಡಿ ಮಾತ್ರ ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ. ಎಡಗಡೆ ಕೆಳಮೂಲೆಯನ್ನು ದೊಡ್ಡದು ಮಾಡಿ ನೋಡು. ಕೊಂಬೆ ಕತ್ತರಿಸಿದ ತುದಿ ಬೆಳ್ಳಗೆ, ಹಸಿಯಾಗಿ ಕಾಣುತ್ತಿದೆ.

ಇದನ್ನು ಯಾರಿಗೂ ಹೇಳಿಲ್ಲ, ನಿನಗೆ ಹೇಳುತ್ತೇನೆ. 1987ರ ಬೇಸಿಗೆ. ನಮ್ಮ ಹಿತ್ತಲ ನಿಂಬೆ ಗಿಡದಲ್ಲಿ ಪಿಕಳಾರ ಗೂಡು ಕಟ್ಟಿತ್ತು. ಮೂರು ಮರಿ, ಮೈಯಲ್ಲಿ ಗರಿ ಇಲ್ಲ, ಬಾಯಿ ಮಾತ್ರ ಕೆಂಪಗೆ, ಮುಖಕ್ಕಿಂತ ದೊಡ್ಡದು. ನಿಮ್ಮ ಮಾವ ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿದರು. ಒಂದು ಎಲೆಗೊಂಚಲು ಅಡ್ಡ ಬರುತ್ತಿತ್ತು. ಕತ್ತರಿಸುವುದು ಬೇಡ, ಪಾಪ ಅಂತ ನಾನೇ ಪ್ರಿಂಟ್ ಒಣಗಿಸುವ ದಾರ ತಂದು ಆ ಕೊಂಬೆಯನ್ನು ಹಿಂದಕ್ಕೆ ಎಳೆದು ಕಟ್ಟಿದೆ. ಒಂದು ಗಂಟೆ ಕಾದಮೇಲೆ ತಾಯಿ ಬಂತು, ಬಾಯಲ್ಲಿ ಹಸಿರು ಹುಳ. ಫೋಟೋ ಅಂದರೆ ಫೋಟೋ. ಅಷ್ಟರಲ್ಲಿ ಮದುವೆ ಆರ್ಡರಿನವರು ಕರೆದರು, ಹೋದೆವು. ದಾರ ಬಿಚ್ಚುವುದು ಮರೆತೇಹೋಯಿತು. ಬೆಳಿಗ್ಗೆ ಹಾಲು ತರಲು ಎದ್ದಾಗ ಕಾಗೆ ಗಲಾಟೆ. ಹೋಗಿ ನೋಡಿದರೆ ಗೂಡು ಓರೆಯಾಗಿದೆ, ಒಳಗೆ ಏನೂ ಇಲ್ಲ, ತಾಯಿ ಎದುರು ಮನೆ ತಂತಿ ಮೇಲೆ ಕೂತು ಕೂಗುತ್ತಿದೆ. ಅದರ ಬಾಯಲ್ಲಿ ಆಗಲೂ ಹುಳ ಇತ್ತು.

ಆ ಫೋಟೋವನ್ನು ಒಂದು ಬಟ್ಟೆ ಅಂಗಡಿಯವರು ಕ್ಯಾಲೆಂಡರಿಗೆ ಹಾಕಿಸಿದರು. ಒಂದು ವರ್ಷ ನಮ್ಮ ಅಡುಗೆಮನೆ ಗೋಡೆ ಮೇಲೇ ನೇತಾಡಿತು. ಬಂದವರೆಲ್ಲ ಎಷ್ಟು ಜೀವಂತವಾಗಿದೆ ಅನ್ನುತ್ತಿದ್ದರು.

ಆ ಎಲೆ ನಮಗೆ ಅಡ್ಡ, ಮರಿಗೆ ಅದೇ ಬಿಸಿಲಿನ ಮರೆ, ಕಾಗೆಯ ಕಣ್ಣಿಗೂ ಮರೆ. ಈಗ ಎಷ್ಟೋ ಸ್ಪರ್ಧೆಗಳಲ್ಲಿ ಗೂಡಿನ ಫೋಟೋ ತೆಗೆದುಕೊಳ್ಳುವುದೇ ಇಲ್ಲ. ನೀನು ಆ ಗೂಡಿನ ಹತ್ತಿರ ಮತ್ತೆ ಹೋಗಿದ್ದೆಯಾ? ಏನಾಯಿತು ಅಂತ ಬರೆ. ಕೆಟ್ಟ ಸುದ್ದಿ ಆದರೂ ಬರೆ.

ಇದು ನಮ್ಮ ಸಣ್ಣ ಊರಿನ ತಪ್ಪು ಮಾತ್ರ ಅಲ್ಲ. ನ್ಯಾಷನಲ್ ಜಿಯೋಗ್ರಾಫಿಕ್‌ನವರು 1982ರ ಫೆಬ್ರವರಿ ಸಂಚಿಕೆಯ ಮುಖಪುಟಕ್ಕೆ ಈಜಿಪ್ಟಿನ ಪಿರಮಿಡ್ಡುಗಳ ಅಡ್ಡ ಫೋಟೋವನ್ನು ಉದ್ದಕ್ಕೆ ಹೊಂದಿಸಲು ಕಂಪ್ಯೂಟರಿನಲ್ಲಿ ಪಿರಮಿಡ್ಡನ್ನೇ ಹತ್ತಿರಕ್ಕೆ ಸರಿಸಿಬಿಟ್ಟರು. ಸಾವಿರಾರು ವರ್ಷ ಅಲುಗಾಡದೆ ನಿಂತದ್ದು! ಆಮೇಲೆ ಚೆನ್ನಾಗಿ ಉಗಿಸಿಕೊಂಡರು. ಲಂಡನ್ನಿನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ನಡೆಸುವ ವನ್ಯಜೀವಿ ಫೋಟೋ ಸ್ಪರ್ಧೆಯಲ್ಲಿ 2009ರಲ್ಲಿ ಮೊದಲ ಬಹುಮಾನ ಬಂದದ್ದು ರಾತ್ರಿ ಹೊತ್ತು ಗೇಟು ಹಾರುತ್ತಿರುವ ತೋಳದ ಫೋಟೋಗೆ. ಅದು ಸಾಕಿ ಪಳಗಿಸಿದ ತೋಳ ಇರಬೇಕು ಅಂತ ತೀರ್ಪುಗಾರರಿಗೇ ಅನ್ನಿಸಿ, ಮುಂದಿನ ಜನವರಿಯಲ್ಲಿ ಬಹುಮಾನ ವಾಪಸ್ ತೆಗೆದುಕೊಂಡರು. ತೆಗೆದವರು ಕೊನೆವರೆಗೂ ಒಪ್ಪಲಿಲ್ಲ. ನಮ್ಮ ಜಗಳೂರು ಕಡೆ ಕುರಿ ಕಾಯುವವರಿಗೆ ಆ ಫೋಟೋ ತೋರಿಸಿದ್ದರೆ ಸಾಕಿತ್ತು ಅನ್ನಿಸುತ್ತದೆ ನನಗೆ. ಸಂದಿಯಲ್ಲಿ ನುಸುಳುವುದು ಬಿಟ್ಟು ಅಷ್ಟು ಚಂದ ಹಾರಿ ತೋರಿಸುವ ತೋಳ ಅವರ ಹಟ್ಟಿಗೆ ಒಂದು ದಿನವೂ ಬಂದಿರಲಿಕ್ಕಿಲ್ಲ.

ಹಾಗಂತ ಫೋಟೋ ಮೇಲೆ ಕೈ ಆಡಿಸಲೇಬಾರದು ಅಂತಲ್ಲ. ಆನ್ಸೆಲ್ ಆಡಮ್ಸ್ 1941ರ ನವೆಂಬರ್ 1ರ ಸಂಜೆ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ರಸ್ತೆ ಪಕ್ಕ ಕಾರು ನಿಲ್ಲಿಸಿ ತೆಗೆದ ಫೋಟೋ ನೋಡಿರುತ್ತೀಯ. ಸಣ್ಣ ಹಳ್ಳಿ, ಸ್ಮಶಾನದ ಶಿಲುಬೆಗಳ ಮೇಲೆ ಕೊನೆಯ ಬಿಸಿಲು, ಮೇಲೆ ಚಂದ್ರ. ಅವಸರದಲ್ಲಿ ಲೈಟ್ ಮೀಟರ್ ಸಿಗಲಿಲ್ಲ. ಚಂದ್ರನ ಬೆಳಕು ಎಷ್ಟು ಅನ್ನುವ ಲೆಕ್ಕ ತಲೆಯಲ್ಲಿ ಇತ್ತು, ಅದರ ಮೇಲೆ ಒಂದು ಸಲ ಒತ್ತಿದ, ಎರಡನೇದಕ್ಕೆ ಫಿಲ್ಮ್ ತಿರುಗಿಸುವಷ್ಟರಲ್ಲಿ ಶಿಲುಬೆ ಮೇಲಿನ ಬಿಸಿಲು ಹೋಗಿತ್ತು. ಆಮೇಲೆ ಡಾರ್ಕ್ ರೂಮಲ್ಲಿ ವರ್ಷಗಟ್ಟಲೆ ಆ ಆಕಾಶವನ್ನು ಕಪ್ಪು, ಇನ್ನೂ ಕಪ್ಪು ಮಾಡುತ್ತಾ ಹೋದ. ಬರ್ನಿಂಗ್ ಅನ್ನುತ್ತಿದ್ದೆವು ಅದಕ್ಕೆ, ನಾನೂ ದಿನಾ ಮಾಡಿದ್ದೇ. ಅದು ನನಗೆ ಒಪ್ಪಿಗೆ. ಚಂದ್ರನನ್ನು ಆ ಕಡೆಯಿಂದ ಈ ಕಡೆಗೆ ತಂದಿದ್ದರೆ ಒಪ್ಪುತ್ತಿರಲಿಲ್ಲ. ಹಾಗಾಗಿ ನಿನ್ನ ಫೋಟೋಗೆ ಕತ್ತಲೆ ಬೆಳಕು ಎಷ್ಟು ಬೇಕಾದರೂ ಹೊಂದಿಸಿಕೋ, ಅದು ಅಡುಗೆಗೆ ಉಪ್ಪು ಹಾಕಿದ ಹಾಗೆ. ಫ್ಯಾನುಗಳನ್ನು ಮಾತ್ರ ವಾಪಸ್ ನಿಲ್ಲಿಸು. ನನಗೇನೂ ಅವು ಚಂದ ಕಾಣಲ್ಲ, ಆದರೆ ಇವತ್ತಿನ ದುರ್ಗ ಅಂದರೆ ಏಳು ಸುತ್ತಿನ ಕೋಟೆ ಮತ್ತು ಅದರ ಹಿಂದೆ ತಿರುಗುವ ಫ್ಯಾನು. ಇನ್ನು ಐವತ್ತು ವರ್ಷ ಬಿಟ್ಟು ಯಾರೋ ಈ ಫೋಟೋ ನೋಡಿದರೆ ಅವರಿಗೆ ಅದು ಗೊತ್ತಾಗಬೇಡವೇನೋ?

ಅಜ್ಜಿಯ ವಿಷಯ ಇನ್ನೂ ಸ್ವಲ್ಪ ಇದೆ. ಎಡ್ವರ್ಡ್ ಕರ್ಟಿಸ್ ಅಂತ ಒಬ್ಬ ಇದ್ದ. ಅಮೆರಿಕದ ಮೂಲನಿವಾಸಿಗಳ ಫೋಟೋ ತೆಗೆಯುತ್ತಾ ಜೀವನ ಸವೆಸಿದವನು, 1907ರಿಂದ 1930ರವರೆಗೆ 20 ಸಂಪುಟ ತಂದ. ಅವನಿಲ್ಲದಿದ್ದರೆ ಎಷ್ಟೋ ಮುಖಗಳು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ, ಅದು ನಿಜ. ಪೀಗನ್ ಜನರ ಡೇರೆಯೊಳಗೆ ಇಬ್ಬರು ಕೂತಿರುವ ಒಂದು ಫೋಟೋ ಇದೆ. ನೆಗೆಟಿವ್‌ನಲ್ಲಿ ಅವರಿಬ್ಬರ ನಡುವೆ ಒಂದು ಗಡಿಯಾರ ಇದೆ. ಪುಸ್ತಕದಲ್ಲಿ ಅದು ಇಲ್ಲ, ಅಳಿಸಿದ್ದಾರೆ. ಆ ಜನ ಹಳೆ ಕಾಲದಲ್ಲೇ ಇದ್ದಾರೆ ಅಂತ ಕಾಣಬೇಕಿತ್ತಲ್ಲ, ಅದಕ್ಕೆ. ಆ ಗಡಿಯಾರ ಅವರು ದುಡ್ಡು ಕೊಟ್ಟು ತಂದದ್ದೋ, ಯಾರಾದರೂ ಕೊಟ್ಟದ್ದೋ, ಅಂತೂ ಅವರ ಮನೆಯದು. ನೀನು ಅಜ್ಜಿಯ ಮೊಬೈಲ್ ತೆಗೆಸಿದ್ದೂ ಅದೇ ಕೆಲಸ. ಕವಡೆ, ಕನ್ನಡಿ ಬಿಲ್ಲೆ ಹೊಲಿದ ರವಿಕೆ ಅವಳದು ಅಂದಮೇಲೆ ಮೊಬೈಲೂ ಅವಳದೇ. ಬೆಂಗಳೂರಿಗೋ ಮಂಗಳೂರಿಗೋ ಕೂಲಿಗೆ ಹೋದ ಮಗ ಸಂಜೆ ಅದಕ್ಕೇ ಫೋನ್ ಮಾಡುವುದು. ಮನೆ ಮುಂದೆ ನಲ್ಲಿ ಇರುವಾಗ ತಲೆ ಮೇಲೆ ಕೊಡ ಯಾಕೆ ಹೊರಿಸಿದೆ?

ಕೆಳಗೆ ಬಂಜಾರ ಅಜ್ಜಿ ಅಂತ ಮಾತ್ರ ಬರೆದಿದ್ದೀಯ. ಹೆಸರು ಕೇಳಲಿಲ್ಲವಾ? 1984ರಲ್ಲಿ ಪಾಕಿಸ್ತಾನದ ನಿರಾಶ್ರಿತರ ಶಿಬಿರದಲ್ಲಿ ಸ್ಟೀವ್ ಮೆಕರಿ ತೆಗೆದ ಹಸಿರು ಕಣ್ಣಿನ ಅಫ್ಘಾನ್ ಹುಡುಗಿ, ಮುಂದಿನ ಜೂನ್‌ನಲ್ಲಿ ಅದೇ ನ್ಯಾಷನಲ್ ಜಿಯೋಗ್ರಾಫಿಕ್ ಮುಖಪುಟಕ್ಕೆ ಬಂದು ಜಗತ್ತಿಗೆಲ್ಲ ಗೊತ್ತಾದ ಮುಖ. ಅವಳ ಹೆಸರು ಶರ್ಬತ್ ಗುಲಾ ಅಂತ ತಿಳಿದದ್ದು 2002ರಲ್ಲಿ, ಅವಳನ್ನು ಹುಡುಕಿಕೊಂಡು ಹೋದಮೇಲೆ. ಅಲ್ಲಿವರೆಗೆ ಆ ಫೋಟೋವನ್ನು ಅವಳೇ ನೋಡಿರಲಿಲ್ಲ. ಯಾರೋ ಗೊತ್ತಿಲ್ಲದ ಗಂಡಸು ಫೋಟೋ ತೆಗೆದನಲ್ಲ ಅಂತ ಅವತ್ತು ಬಂದ ಸಿಟ್ಟು ಮಾತ್ರ ಅವಳಿಗೆ ನೆನಪಿತ್ತು. ನಾವೆಲ್ಲ ಆ ಸಿಟ್ಟನ್ನೇ ಚೆಲುವು ಅಂತ ನೋಡಿದ್ದು, ಅಲ್ವಾ.

ಈಗ ಸಾಲದ ಮಾತು. ನಿಮ್ಮಪ್ಪ ಹೇಳಿದ, ನಾಲ್ಕು ಲಕ್ಷ ಸಾಲ ಮಾಡಿ ಕೀನ್ಯಾದ ಮಸಾಯಿ ಮಾರಾಕ್ಕೆ ಹೊರಟಿದ್ದೀಯಂತೆ. ಹೋಗಬೇಡ ಅನ್ನಲ್ಲ, ನಿನ್ನ ವಯಸ್ಸಲ್ಲಿ ನನಗೂ ಆಸೆ ಇತ್ತು. ಒಂದು ವಿಷಯ ಕೇಳಿಕೊಂಡು ಹೋಗು. ಅಲ್ಲಿನ ಚೀತಾಗಳ ಮೇಲೆ 2013ರಿಂದ 2017ರವರೆಗೆ ಅಧ್ಯಯನ ಮಾಡಿದ್ದಾರೆ. ಪ್ರವಾಸಿಗಳು ಕಡಿಮೆ ಇರುವ ಕಡೆ ಒಂದು ತಾಯಿ ಸರಾಸರಿ 2.3 ಮರಿ ಬೆಳೆಸಿ ದೊಡ್ಡದು ಮಾಡಿದರೆ, ಗಾಡಿಗಳು ಜಾಸ್ತಿ ಮುತ್ತುವ ಕಡೆ ಬರೀ 0.2. ಅಂದರೆ ಐದು ತಾಯಂದಿರ ನಡುವೆ ಒಂದು ಮರಿ. ಚೀತಾ ಹಗಲು ಬೇಟೆ ಆಡುವ ಪ್ರಾಣಿ, ನಮ್ಮ ಜೀಪುಗಳೂ ಹಗಲೇ ಹೋಗುತ್ತವೆ. ಅಲ್ಲಿ ಡ್ರೈವರ್‌ಗೆ ಇನ್ನೂ ಹತ್ತಿರ ಬಿಡಪ್ಪ ಅಂತ ದುಡ್ಡು ತೋರಿಸಬೇಡ, ಅಷ್ಟೇ.

ಅದಕ್ಕೆ ಮುಂಚೆ ಊರಿಗೆ ಬಾ. ಜಗಳೂರಿನ ರಂಗಯ್ಯನದುರ್ಗದ ಕಾಡು ನಮ್ಮ ಹೊಲದಿಂದ ಎಷ್ಟು ದೂರ ಹೇಳು? ಅಲ್ಲಿ ಕೊಂಡುಕುರಿ ಇದೆ, ಕುರಿಯಲ್ಲ, ಸಣ್ಣ ಹುಲ್ಲೆ. ಗಂಡಿಗೆ ಮಾತ್ರ ನಾಲ್ಕು ಕೊಂಬು, ಮುಂದಿನ ಜೋಡಿ ಗಿಡ್ಡ. ಇಂಥ ಕಾಡುಪ್ರಾಣಿ ಭಾರತ, ನೇಪಾಳ ಬಿಟ್ಟು ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಬಹಳ ಪುಕ್ಕಲು, ಒಂಟೊಂಟಿ, ಸದ್ದು ಕೇಳಿದರೆ ಹುಲ್ಲಲ್ಲಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಆದರೆ ಹಿಕ್ಕೆ ಹಾಕಲು ಒಂದೇ ಜಾಗಕ್ಕೆ ಮತ್ತೆ ಮತ್ತೆ ಬರುತ್ತದೆ. ಅರಣ್ಯ ಇಲಾಖೆಯವರನ್ನು ಕೇಳಿ, ಒಪ್ಪಿದರೆ, ದೂರದಲ್ಲಿ ಕೂತು ಕಾಯಿ. ಜಾರ್ಜ್ ಶಿರಾಸ್ ಅನ್ನುವವನು ನೂರು ವರ್ಷಕ್ಕೂ ಹಿಂದೆ ಕಾಡಿನ ದಾರಿಗೆ ಅಡ್ಡ ದಾರ ಕಟ್ಟಿ, ಪ್ರಾಣಿಯ ಕಾಲು ತಾಗಿದಾಗ ಕ್ಯಾಮೆರಾ ತಾನೇ ಕೆಲಸ ಮಾಡುವ ಹಾಗೆ ಮಾಡಿದ್ದ. ಅವನ ರಾತ್ರಿ ಫೋಟೋಗಳು 1906ರಲ್ಲೇ ಅಚ್ಚಾದವು. ಅವನದೂ ದಾರವೇ, ನನ್ನದೂ ದಾರವೇ, ಏನು ಮಾಡುವುದು.

ಇನ್ನೊಬ್ಬನ ಕತೆ ಹೇಳಿ ಮುಗಿಸುತ್ತೇನೆ, ಒಗ್ಗರಣೆ ಮಂಡಕ್ಕಿ ಆರಿ ಮೆತ್ತಗಾಗುತ್ತಿದೆ. ಬ್ರೆಜಿಲ್‌ನ ಫೋಟೋಗ್ರಾಫರ್ ಸೆಬಾಸ್ಟಿಯಾವೊ ಸಲ್ಗಾಡೊ, 2025ರ ಮೇನಲ್ಲಿ ತೀರಿಕೊಂಡರು. ರುವಾಂಡಾದ ಕೊಲೆಗಳನ್ನು ಫೋಟೋ ತೆಗೆದು ತೆಗೆದು ಮೈಮನಸ್ಸು ಎರಡೂ ಕೆಟ್ಟು, ಕ್ಯಾಮೆರಾ ಕೆಳಗಿಟ್ಟು ಅಪ್ಪನ ಜಮೀನಿಗೆ ವಾಪಸ್ ಬಂದರೆ ಅಲ್ಲಿ ಮರವೂ ಇಲ್ಲ, ನೀರೂ ಇಲ್ಲ. ಗಂಡ ಹೆಂಡತಿ 1998ರಲ್ಲಿ ಒಂದು ಸಂಸ್ಥೆ ಮಾಡಿಕೊಂಡು ಗಿಡ ನೆಡಲು ಶುರು ಮಾಡಿದರು, 20 ಲಕ್ಷಕ್ಕೂ ಜಾಸ್ತಿ ಆದವು, ಹಕ್ಕಿ, ಪ್ರಾಣಿ ತಾವಾಗೇ ಬಂದವು. ಆಮೇಲೆ ಮತ್ತೆ ಕ್ಯಾಮೆರಾ ಎತ್ತಿಕೊಂಡು ಎಂಟು ವರ್ಷ ಜಗತ್ತು ಸುತ್ತಿದರು. ನಮ್ಮ ಮೂರು ಎಕರೆಯ ಬದುವಿನಲ್ಲಿ ಈಗ ಎರಡು ಬೇವು, ಒಂದು ಜಾಲಿ ಇದೆ. ನಿಮ್ಮಪ್ಪ ಜಾಲಿ ಕಡಿಸುತ್ತೇನೆ ಅನ್ನುತ್ತಿದ್ದಾನೆ, ನೀನು ಬಂದು ಮಾತಾಡು, ನನ್ನ ಮಾತು ಕೇಳಲ್ಲ.

ಬರುವಾಗ ಆ ಅಜ್ಜಿಯ ಫೋಟೋ ಪ್ರಿಂಟ್ ಹಾಕಿಸಿಕೊಂಡು ಬಾ. ಮೊಬೈಲ್ ಚೀಲ ಇರುವುದು, 8 ಇಂಟು 12 ಸೈಜು. ಗ್ಲಾಸಿ ಬೇಡ, ಬೆರಳಚ್ಚು ಕೂರುತ್ತದೆ, ಮನೆಯವರೆಲ್ಲ ಕೈಯಿಂದ ಕೈಗೆ ದಾಟಿಸಿ ನೋಡುತ್ತಾರೆ. ತಾಂಡಾಕ್ಕೆ ನಾನೂ ಬರುತ್ತೇನೆ. ಹೆಸರು ನೀನೇ ಕೇಳಬೇಕು.

ನಿನ್ನ
ಅತ್ತೆ