ಹೊಲಿಗೆಗೆ ಹೆದರಿ ಊಟ ಬಿಡಬೇಡ

ಚಿರಂಜೀವಿ ರೇಖಾಳಿಗೆ ಚಿತ್ರದುರ್ಗದಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಅಪೆಂಡಿಕ್ಸ್ ಆಪರೇಷನ್ ಹೇಗಾಯಿತು, ಮನೆಗೆ ಎಂದು ಕಳುಹಿಸಿದರು ಎಂಬುದನ್ನೆಲ್ಲ ನಿನ್ನ ಅಮ್ಮನಿಂದ ಕೇಳಿರುವೆನಾದ್ದರಿಂದ ಅದನ್ನು ಮತ್ತೆ ಎತ್ತುವುದಿಲ್ಲ. ಆದರೆ ಪತ್ರದ ಕೊನೆಯಲ್ಲಿ ಅವಸರದಲ್ಲಿ ಸೇರಿಸಿದಂತಿರುವ ಒಂದು ಮಾತು ನನ್ನನ್ನು ಬಿಡದೆ ಕಾಡುತ್ತಿದೆ. ನಾಲ್ಕು ದಿನ ಹೊಟ್ಟೆ ಕಟ್ಟಿತ್ತು, ಈಗ ತೆಳ್ಳಗೆ ಹೋಗುತ್ತಿದೆ, ತಿಣುಕಿದರೆ ಒಳಗಿನ ಹೊಲಿಗೆ ಬಿಚ್ಚೀತೆಂಬ ಭಯಕ್ಕೆ ಬರೀ ಚಹಾ ಮತ್ತು ರಸ್ಕಿನಲ್ಲಿ ದಿನ ನೂಕುತ್ತಿದ್ದೇನೆ ಎಂದು ಬರೆದಿದ್ದೀಯ. ಹೊರಕಡೆಗೆ ಹೋಗುವುದು ತಪ್ಪಲೆಂದು ಊಟವನ್ನೇ ಬಿಟ್ಟಿರುವೆಯಲ್ಲ, ಮಗಳೇ, ನನಗೆ ನಿದ್ದೆ ಬಾರದಿರುವುದು ಅದಕ್ಕೆ.

ನಮ್ಮ ಬೀದಿಯಲ್ಲಿ ನಿವೃತ್ತ ನರ್ಸ್ ಒಬ್ಬರಿದ್ದಾರೆ. ನಿನ್ನ ಹೆಸರು ಹೇಳದೆ ಅವರನ್ನು ಕೇಳಿದೆ. ಅರಿವಳಿಕೆ ಕೊಟ್ಟಾಗ, ಹೊಟ್ಟೆಯೊಳಗೆ ಕೈಯಾಡಿಸಿದಾಗ ಕರುಳಿನ ಚಲನೆ ಕೆಲಕಾಲ ಮಂದವಾಗುತ್ತದೆಯಂತೆ. ಅದರ ಮೇಲೆ ಟ್ರಮಡಾಲ್‌ನಂತಹ ನೋವಿನ ಮಾತ್ರೆ ಕೊಟ್ಟಿದ್ದರೆ ಅದೂ ಕಟ್ಟುತ್ತದೆ. ಮಲಗಿದಲ್ಲೇ ಮಲಗಿ, ಹೊಟ್ಟೆಗೆ ಏನೂ ಹಾಕದಿದ್ದರೆ ಹೊರಗೆ ಬರುವುದಾದರೂ ಏನು? ಮೊದಲ ಸಲ ಸರಾಗವಾಗಲು ಮೂರು ನಾಲ್ಕು ದಿನ ಹಿಡಿಯುವುದು ಸಾಮಾನ್ಯವಂತೆ, ಗಾಳಿ ಸರಿಯುತ್ತಿದ್ದರೆ ಅದೇ ಒಳ್ಳೆಯ ಲಕ್ಷಣವಂತೆ. ಆಮೇಲೆ ತೆಳ್ಳಗಾಗುವುದು ಬಹುಮಟ್ಟಿಗೆ ಆಂಟಿಬಯೋಟಿಕ್‌ನಿಂದ. ಅದು ಸೋಂಕಿನ ಜೊತೆಗೆ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳನ್ನೂ ಕೊಲ್ಲುತ್ತದೆ. ಒಂದೇ ವಾರದಲ್ಲಿ ಎರಡನ್ನೂ ಕಂಡವರಿಗೆ ಒಳಗೇನೋ ಕೆಟ್ಟಿದೆ ಎನಿಸುವುದು ಸಹಜ. ಇನ್ನು ಆ ಹೊಲಿಗೆ. ಅಪೆಂಡಿಕ್ಸ್ ತೆಗೆದ ಜಾಗದ ಬುಡವನ್ನು ಬಿಗಿಯಾಗಿ ಕಟ್ಟಿಯೋ ಕ್ಲಿಪ್ ಹಾಕಿಯೋ ಮುಚ್ಚಿರುತ್ತಾರೆ. ಎಲ್ಲರಂತೆ ಸಂಡಾಸಿಗೆ ಹೋಗಿಬಂದ ಮಾತ್ರಕ್ಕೆ ಅದು ಬಿಚ್ಚುವುದಿಲ್ಲ. ಉಸಿರು ಕಟ್ಟಿ ಬಲವಾಗಿ ತಿಣುಕುವುದು ಮಾತ್ರ ಬೇಡ, ಹೊಟ್ಟೆಯ ಮೇಲಿನ ಗಾಯಕ್ಕೆ ಅದು ಭಾರ.

ನಿನ್ನ ದೊಡ್ಡಪ್ಪನವರ ಅಪೆಂಡಿಕ್ಸ್ ಒಡೆದು ಅವರು ಬದುಕಿ ಬಂದ ಕಥೆ ಮನೆಯಲ್ಲಿ ಎಲ್ಲರಿಗೂ ಗೊತ್ತು. ಅದರ ನಂತರದ ದಿನಗಳ ಮಾತನ್ನು ಯಾರೂ ಆಡುವುದಿಲ್ಲ. ಹಿರಿಯೂರಿನ ಮನೆಗೆ ಕರೆತಂದ ಮೇಲೆ ಹಸಿ ಗಾಯಕ್ಕೆ ನೀರು ಕೂಡದು, ಕೀವಾಗುತ್ತದೆ ಎಂದು ನಮ್ಮತ್ತೆಯವರು ಬಾಣಂತಿಗೆ ಅಳೆದಂತೆ ಪುಟ್ಟ ಹಿತ್ತಾಳೆ ಲೋಟದಲ್ಲಿ ಅಳೆದು ನೀರು ಕೊಡುತ್ತಿದ್ದರು. ಬದನೆ, ಕುಂಬಳ, ಸೊಪ್ಪು ಎಲ್ಲವೂ ನಂಜು. ಉಳಿದದ್ದು ಬಿಳಿ ಅನ್ನ, ಮೆಣಸಿನ ಸಾರು. ಪ್ರೀತಿಯಿಂದಲೇ ಮಾಡಿದರು, ಅದರಲ್ಲಿ ಅನುಮಾನವಿಲ್ಲ. ಆದರೆ ಒಂದು ವಾರದಲ್ಲಿ ನಿನ್ನ ದೊಡ್ಡಪ್ಪನವರ ಹೊಟ್ಟೆ ಕಲ್ಲಾಯಿತು. ಹಿತ್ತಲ ಕಕ್ಕಸಿನ ತಗಡಿನ ಬಾಗಿಲ ಹಿಂದೆ ಅವರು ಹಲ್ಲು ಕಚ್ಚಿ ನರಳುತ್ತಿದ್ದರೆ ನಾನು ಚೆಂಬು ಹಿಡಿದು ಹೊರಗೆ ನಿಂತಿರುತ್ತಿದ್ದೆ. ಬಂದು ಎರಡು ವರ್ಷವೂ ಆಗದ ಸೊಸೆ ಗಂಡನ ಹೊಟ್ಟೆಯ ವಿಷಯವನ್ನು ಹಿರಿಯರ ಮುಂದೆ ಎತ್ತುವುದುಂಟೇ? ಅವರೂ ಹೇಳಲಿಲ್ಲ. ಕಡೆಗೆ ಆಸ್ಪತ್ರೆಗೆ ತೋರಿಸಲು ಹೋದಾಗ ಡಾಕ್ಟರು ಮೊದಲು ಕೇಳಿದ್ದು, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ ಎಂದು. ಇಷ್ಟು ವರ್ಷಗಳಾದರೂ ಆ ಬಾಗಿಲು ನೆನಪಾದರೆ ನನ್ನ ಗಂಟಲು ಕಟ್ಟುತ್ತದೆ; ನಾಚಿಕೆಯ ಮಾತೆಂದು ಅಷ್ಟು ದಿನ ಒಬ್ಬ ಮನುಷ್ಯ ಬೆಂದನಲ್ಲ ಎನಿಸುತ್ತದೆ. ನೀನು ನನಗೆ ಬಿಚ್ಚಿ ಬರೆದದ್ದು ಅದಕ್ಕೇ ನನಗೆ ಎಷ್ಟೋ ಸಮಾಧಾನ.

ದೂರ ಕುಳಿತು ಹೇಳುವುದು ಸುಲಭವೆಂದು ಬಲ್ಲೆ, ಆದರೂ ತಿಳಿದಷ್ಟು ಹೇಳುತ್ತೇನೆ. ತೆಳ್ಳಗೆ ಹೋಗುತ್ತಿರುವಾಗ ಮಜ್ಜಿಗೆ ಅನ್ನ, ಹೆಸರುಬೇಳೆ ಕಟ್ಟು ಸ್ವಲ್ಪ ಸ್ವಲ್ಪವಾಗಿ ಉಣ್ಣು. ಓಆರ್‌ಎಸ್ ಪುಡಿ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕಾಗಿ ಕುಡಿ. ಭೇದಿ ನಿಲ್ಲುವ ಮಾತ್ರೆಯನ್ನು ಅಂಗಡಿಯಲ್ಲಿ ಕೇಳಿ ತಂದು ನುಂಗಬೇಡ, ಆಂಟಿಬಯೋಟಿಕ್ಕನ್ನೂ ನೀನಾಗಿ ನಿಲ್ಲಿಸಬೇಡ. ಎರಡನ್ನೂ ಡಾಕ್ಟರನ್ನೇ ಕೇಳು. ಮತ್ತೆ ಕಟ್ಟಿದರೆ ಪಪ್ಪಾಯಿ, ಸೊಪ್ಪು, ಸಾಕಷ್ಟು ನೀರು. ಕಮೋಡ್ ಇದ್ದರೆ ಕಾಲ ಕೆಳಗೆ ಮಣೆ ಇಟ್ಟುಕೋ, ಹೊಟ್ಟೆಗೆ ದಿಂಬು ಒತ್ತಿ ಹಿಡಿದುಕೋ, ಹೊಲಿಗೆಯ ಭಯ ಅರ್ಧ ಇಳಿಯುತ್ತದೆ. ಮೆಣಸಿನಕಾಯಿ, ಮಂಡಕ್ಕಿ, ಬೆಣ್ಣೆ ದೋಸೆ ನಿಮ್ಮ ದಾವಣಗೆರೆ ಬಿಟ್ಟು ಎಲ್ಲೂ ಹೋಗುವುದಿಲ್ಲ, ಇನ್ನೂ ಕೆಲವು ದಿನ ತಡೆದುಕೋ.

ಹೆದರಲೇಬೇಕಾದವು ಬೇರೆ ಇವೆ, ಅವನ್ನು ಬರೆಯದಿರಲು ನನಗೆ ಮನಸ್ಸು ಒಪ್ಪುವುದಿಲ್ಲ. ಜ್ವರ 100.4 ಡಿಗ್ರಿ ದಾಟಿದರೆ, ಹೊಟ್ಟೆ ಉಬ್ಬಿ ಗಟ್ಟಿಯಾಗಿ ಗಾಳಿಯೂ ಸರಿಯದೆ ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ದಿನಕ್ಕೆ ಮೂರು ಸಲಕ್ಕಿಂತ ಹೆಚ್ಚು ನೀರಿನಂತೆ ಹೋಗುತ್ತಿದ್ದರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಹೋಗು. ಜ್ವರದ ಜೊತೆಗೆ ಪದೇ ಪದೇ ಲೋಳೆ ಲೋಳೆಯಾಗಿ ಹೋಗಿ ಕಿಬ್ಬೊಟ್ಟೆ ಒತ್ತಿದಂತಾದರೆ ಒಳಗೆ ಕೀವು ನಿಂತಿರಬಹುದು, ಅದನ್ನೂ ಮರೆಮಾಚಬೇಡ. ನೀನು ದಿನಕ್ಕೆ ಎಷ್ಟು ಸಲ ಹೋಗುತ್ತಿರುವೆ, ಜ್ವರವಿದೆಯೇ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ನನಗೆ ಮುಖ್ಯವಾಗಿ ತಿಳಿಯಬೇಕಾದದ್ದು ಅದೇ.

ಈ ಪತ್ರಕ್ಕೆ ಮರುಪತ್ರ ಬರೆಯುತ್ತ ಕೂರದೆ ಇಂದೇ ಫೋನ್ ಮಾಡಿ ಅದನ್ನು ತಿಳಿಸು. ಮಾತ್ರೆಗಳ ಹೆಸರನ್ನೂ ಓದಿ ಹೇಳು, ನರ್ಸಮ್ಮನವರಿಗೆ ತೋರಿಸುತ್ತೇನೆ. ಒಬ್ಬಳೇ ಆಸ್ಪತ್ರೆಗೆ ಹೋಗಲು ಧೈರ್ಯ ಸಾಲದಿದ್ದರೆ ಹೇಳು, ಬೆಳಗಿನ ಬಸ್ಸಿಗೆ ನಾನೇ ಬರುತ್ತೇನೆ. ಅಲ್ಲಿಯವರೆಗೆ ರಾತ್ರಿಯ ಊಟ ತಪ್ಪಿಸಬೇಡ.

ಇಂತಿ ನಿನ್ನ
ದೊಡ್ಡಮ್ಮ